ಮೂಗಿಗೆ ಸಿಗದ ಲೆಕ್ಕ

ಉದ್ಯಮಿ: ಮೇಡಂ, ಕಾಫಿ ಹುರಿಯುವ ಕಡೆ ರಾಸಾಯನಿಕ ಮಾಲಿನ್ಯ ಅಂದರೆ ನಂಬುವುದು ಕಷ್ಟ. ಪೇಂಟು, ಥಿನ್ನರು, ಬ್ಯಾಟರಿ ಕೆಲಸ ಅಂದರೆ ಒಪ್ಪುತ್ತೇನೆ. ಅಲ್ಲಿ ಒಳಗೆ ಕಾಲಿಟ್ಟರೆ ಸಾಕು, ಕಣ್ಣು ಉರಿಯುತ್ತದೆ, ತಲೆ ಹಿಡಿದುಕೊಳ್ಳುತ್ತದೆ. ಹುರಿದ ಕಾಫಿಯ ಘಮಕ್ಕಾದರೆ ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನಿಲ್ಲುತ್ತಾರೆ. ಜನ ದುಡ್ಡು ಕೊಟ್ಟು ಕುಡಿಯುವ ಪದಾರ್ಥದ ಪರಿಮಳ ಕೆಲಸಗಾರನಿಗೆ ಮಾತ್ರ ವಿಷ ಹೇಗಾದೀತು?

ವೈದ್ಯೆ: ನಿಮ್ಮ ಮಾತಿನೊಳಗೆ ಎರಡು ನಂಬಿಕೆಗಳು ಸೇರಿಕೊಂಡಿವೆ. ಕೆಟ್ಟದ್ದಾದರೆ ಮೂಗಿಗೆ ಗೊತ್ತಾಗುತ್ತದೆ ಎನ್ನುವುದು ಒಂದು. ಹೊಟ್ಟೆಗೆ ಒಗ್ಗಿದ್ದು ಎದೆಗೂ ಒಗ್ಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಸುಳ್ಳೆಂದು ತೋರಿಸಲು ಗಟ್ಟಿಯಾದ ದಾಖಲೆಯಿದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಜಾಸ್ಪರ್ ಎಂಬ ಸಣ್ಣ ಊರು. ಅಲ್ಲಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಮಂದಿಗೆ ಬ್ರಾಂಕಿಯೋಲೈಟಿಸ್ ಆಬ್ಲಿಟೆರಾನ್ಸ್ ಎಂಬ ಅಪರೂಪದ ಕಾಯಿಲೆ ಇರುವುದನ್ನು 2000ದ ಮೇ ತಿಂಗಳಲ್ಲಿ ವೈದ್ಯರೊಬ್ಬರು ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ಶ್ವಾಸಕೋಶದ ತೀರಾ ಸಣ್ಣ ನಾಳಗಳ ಒಳಪದರ ಕೆಟ್ಟು, ಮಾಯುವಾಗ ಕಲೆಗಟ್ಟಿ, ಆ ಕಲೆಯೇ ಬೆಳೆದು ನಾಳವನ್ನು ಮುಚ್ಚಿಬಿಡುವ ಕಾಯಿಲೆ ಅದು. ಮುಚ್ಚಿದ ನಾಳವನ್ನು ಮತ್ತೆ ತೆರೆಯುವ ಔಷಧ ಇಲ್ಲ. ಆ ಎಂಟು ಮಂದಿಯಲ್ಲಿ ನಾಲ್ವರು ಶ್ವಾಸಕೋಶದ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿದ್ದರು. ಜೋರಾಗಿ ಉಸಿರು ಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂದು ನಾವು ಅಳೆಯುತ್ತೇವಲ್ಲ, ಅದು ಒಬ್ಬರಲ್ಲಿ ಇರಬೇಕಾದದ್ದರ ಶೇಕಡಾ 14ಕ್ಕೆ ಇಳಿದಿತ್ತು. ಕೆಲಸಕ್ಕೆ ಸೇರಿ ಐದೇ ತಿಂಗಳಿಗೆ ತೊಂದರೆ ಕಾಣಿಸಿಕೊಂಡವರೂ ಇದ್ದರು.

ಅವರು ಉಸಿರಾಡಿದ್ದು ಬೆಣ್ಣೆಯ ಘಮವನ್ನು. ದೊಡ್ಡ ತೊಟ್ಟಿಯಲ್ಲಿ ಸೋಯಾ ಎಣ್ಣೆ ಬಿಸಿ ಮಾಡಿ, ಅದಕ್ಕೆ ಉಪ್ಪು, ಬಣ್ಣ, ಕೃತಕ ಬೆಣ್ಣೆ ಪರಿಮಳ ಸುರಿದು ಕಲಸುವ ಕೆಲಸ. ಆ ಪರಿಮಳದ ಮುಖ್ಯ ಅಂಶದ ಹೆಸರು ಡೈಅಸಿಟೈಲ್. ನಿಜವಾದ ಬೆಣ್ಣೆಯಲ್ಲೂ ಅದು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಆಹಾರದಲ್ಲಿ ಬಳಸಲು ಅದು ಸುರಕ್ಷಿತ ಎಂದು ಅಮೆರಿಕದಲ್ಲಿ ಒಪ್ಪಿಯೂ ಆಗಿತ್ತು. ಆ ಒಪ್ಪಿಗೆ ತಪ್ಪೆಂದು ನಾನು ಹೇಳುವುದಿಲ್ಲ. ತಿಂದವರ ಮಟ್ಟಿಗೆ ಅದು ಸರಿಯೇ ಇದ್ದೀತು. ತಿಂದದ್ದು ಹೊಟ್ಟೆಯ ಆಮ್ಲವನ್ನೂ ಕರುಳನ್ನೂ ಯಕೃತ್ತನ್ನೂ ದಾಟಿ ರಕ್ತಕ್ಕೆ ಸೇರುತ್ತದೆ, ದಾರಿಯುದ್ದಕ್ಕೂ ತಡೆಯುವವರಿದ್ದಾರೆ. ಉಸಿರಾಡಿದ ಆವಿಗೆ ಅಂಥ ತಡೆ ಏನಿದೆ? ಶ್ವಾಸನಾಳದ ಒಳಪದರ ಒಂದು ತೆಳ್ಳನೆಯ ಜೀವಕೋಶಗಳ ಸಾಲು, ಆವಿ ನೇರವಾಗಿ ಅದನ್ನೇ ಮುಟ್ಟುತ್ತದೆ. ಬೆಣ್ಣೆ ಪರಿಮಳದ ಆವಿಗೆ ಇಲಿಗಳನ್ನು ಆರೇ ಗಂಟೆ ಒಡ್ಡಿ ನೋಡಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಅವುಗಳ ಶ್ವಾಸನಾಳದ ಒಳಪದರದ ಜೀವಕೋಶಗಳು ಸತ್ತು ಉದುರಿದ್ದವು. ಪಾಪ್‌ಕಾರ್ನ್ ತಿಂದ ಕೋಟ್ಯಂತರ ಜನರಿಗೆ ಏನೂ ಆಗದೆ, ಅದನ್ನು ಕಲಸಿದವರಿಗೆ ಉಸಿರೇ ಸಾಲದಾದದ್ದು ಹೀಗೆ.

ಉದ್ಯಮಿ: ಎಂಟು ಮಂದಿಯ ಮೇಲೆ ಇಷ್ಟು ದೊಡ್ಡ ತೀರ್ಮಾನ ಕಟ್ಟುವುದು ಸರಿಯೇ? ಅವರೆಲ್ಲ ಸಿಗರೇಟು ಸೇದುವವರಾಗಿರಬಹುದು. ನಮ್ಮಲ್ಲೂ ಕೆಲಸಗಾರ ಕೆಮ್ಮಿದರೆ ಮೊದಲು ಕೇಳುವುದು ಬೀಡಿಯ ವಿಚಾರವನ್ನೇ.

ವೈದ್ಯೆ: ಕೇಳಬೇಕಾದ ಪ್ರಶ್ನೆಯೇ. ತನಿಖೆಗೆ ಬಂದವರೂ ಅದನ್ನು ಕೇಳಿದರು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯನ್ನು ನೈಯೋಶ್ ಎನ್ನುತ್ತಾರೆ. ಅದರ ತಂಡ ಕಾಯಿಲೆ ಬಿದ್ದು ಕೆಲಸ ಬಿಟ್ಟ ಎಂಟು ಮಂದಿಯನ್ನು ಬದಿಗಿಟ್ಟು, ಆಗ ಕೆಲಸದಲ್ಲಿದ್ದ 117 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ದೇಶದ ಸಾಮಾನ್ಯ ಜನರ ಲೆಕ್ಕಕ್ಕೆ ಹೋಲಿಸಿದರೆ ಬಹುಕಾಲದ ಕೆಮ್ಮು ಮತ್ತು ಏದುಸಿರು ಅವರಲ್ಲಿ 2.6 ಪಟ್ಟು ಹೆಚ್ಚು, ಶ್ವಾಸನಾಳದ ಅಡಚಣೆ 3.3 ಪಟ್ಟು ಹೆಚ್ಚು. ಜೀವನದಲ್ಲಿ ಒಮ್ಮೆಯೂ ಸೇದದವರನ್ನಷ್ಟೇ ತೆಗೆದುಕೊಂಡರೆ ಅಡಚಣೆ 10.8 ಪಟ್ಟು. ಈ ಕೊನೆಯ ಅಂಕಿಯನ್ನು ಬಿಡದೆ ಗಮನಿಸಬೇಕು. ಸೇದುವವರ ಗುಂಪಿನಲ್ಲಿ ಅಡಚಣೆ ಮೊದಲೇ ಸಾಮಾನ್ಯ, ಹಾಗಾಗಿ ಕಾರ್ಖಾನೆಯಿಂದ ಬಂದದ್ದು ಅಲ್ಲಿ ಮರೆಯಾಗುತ್ತದೆ. ಸೇದದವರಲ್ಲಿ ಮರೆಯಾಗಲು ಜಾಗವಿಲ್ಲ. ಇನ್ನೂ ಒಂದು ಮಾತು. ಡೈಅಸಿಟೈಲನ್ನು ಯಾರು ಎಷ್ಟು ಉಸಿರಾಡಿದ್ದಾರೆಂದು ಲೆಕ್ಕ ಹಾಕಿ ಕೆಲಸಗಾರರನ್ನು ನಾಲ್ಕು ಗುಂಪು ಮಾಡಿದಾಗ, ಗುಂಪಿನಿಂದ ಗುಂಪಿಗೆ ಕಾಯಿಲೆಯೂ ಏರುತ್ತಾ ಹೋಯಿತು. ಸಿಗರೇಟಿನಿಂದಲೇ ಎನ್ನುವುದಾದರೆ ಈ ಮೆಟ್ಟಿಲುಗಳು ಮೂಡುತ್ತಿರಲಿಲ್ಲ. ಬೀಡಿಯ ಪ್ರಶ್ನೆ ಕೇಳಿ ಅಲ್ಲಿಗೇ ನಿಲ್ಲಿಸುವ ವೈದ್ಯರನ್ನೂ ನಾನು ಈ ತಪ್ಪಿನಲ್ಲಿ ಸೇರಿಸುತ್ತೇನೆ. ಜಾಸ್ಪರಿನ ರೋಗಿಗಳಿಗೂ ಮೊದಲು ಸಿಕ್ಕ ಹೆಸರುಗಳು ಅಸ್ತಮಾ, ಬ್ರಾಂಕೈಟಿಸ್ ಇಂಥವೇ.

ಉದ್ಯಮಿ: ಒಪ್ಪಿದೆ. ಆದರೆ ಅದು ಡಬ್ಬಿಯಿಂದ ಸುರಿದ ಕೃತಕ ಪರಿಮಳ. ನಾವು ಬೀಜ ಹುರಿಯುತ್ತೇವೆ, ಬೀಸುತ್ತೇವೆ, ಹೆಚ್ಚೆಂದರೆ ಚಿಕೋರಿ ಬೆರೆಸುತ್ತೇವೆ. ಹೊರಗಿನದು ಒಂದು ಹನಿಯೂ ಇಲ್ಲ.

ವೈದ್ಯೆ: ಹೊರಗಿನಿಂದ ತರಬೇಕಾಗಿಲ್ಲ, ಕಾಫಿ ಬೀಜ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಸಿ ಬೀಜದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹುರಿಯುವ ಶಾಖದಲ್ಲಿ ಕೂಡಿಕೊಂಡಾಗ ಬಣ್ಣ ಬರುತ್ತದೆ, ರುಚಿ ಬರುತ್ತದೆ, ಅದರೊಂದಿಗೆ ಡೈಅಸಿಟೈಲ್ ಮತ್ತು ಅದರ ತಮ್ಮನಂಥ 2,3-ಪೆಂಟೇನ್‌ಡಯೋನ್ ಎಂಬ ಇನ್ನೊಂದು ಆವಿಯೂ ಹುಟ್ಟುತ್ತದೆ. ಇಡೀ ಬೀಜದಲ್ಲಿ ಅದು ಬಂಧಿಯಾಗಿರುತ್ತದೆ; ಬೀಸಿದ ಕೂಡಲೇ ಪುಡಿಯ ಮೈ ವಿಸ್ತಾರ ಹಲವು ಪಟ್ಟಾಗಿ ಆವಿ ಒಮ್ಮೆಲೇ ಹೊರಬೀಳುತ್ತದೆ. ಗ್ರೈಂಡರ್ ಬಾಯಿಯ ಹತ್ತಿರ ಘಮ ಹೆಚ್ಚಿರುವುದು ಇದೇ ಕಾರಣಕ್ಕೆ. ಟೆಕ್ಸಾಸಿನ ಒಂದು ಕಾಫಿ ಘಟಕದ ಇಬ್ಬರು ಕೆಲಸಗಾರರಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯ ಕಾಯಿಲೆಯೇ ಕಾಣಿಸಿಕೊಂಡಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2013ರಲ್ಲಿ ವರದಿ ಮಾಡಿತು. ಆ ಘಟಕದಲ್ಲಿ ಕಾಫಿಗೆ ಪರಿಮಳ ಸೇರಿಸುತ್ತಿದ್ದರು ಎನ್ನುವುದನ್ನು ಮುಚ್ಚಿಡುವುದಿಲ್ಲ. ಪರಿಮಳವನ್ನೇ ಸೇರಿಸದ ಘಟಕಗಳಲ್ಲಿ ಅದೇ ಪ್ರಮಾಣದ ಕಾಯಿಲೆ ಸಾಬೀತಾಗಿದೆ ಎಂದು ಹೇಳಿದರೆ ನಾನು ಪುರಾವೆ ಮೀರಿ ಮಾತನಾಡಿದಂತೆ. ಆದರೆ ಅಂಥ ಕಡೆ ಅಳೆದಾಗಲೂ ಬೀಸುವ ಜಾಗದ ಗಾಳಿ ನೈಯೋಶ್ 2016ರಲ್ಲಿ ಸೂಚಿಸಿದ ಮಿತಿಯನ್ನು ದಾಟಿದ್ದುಂಟು. ಆ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ನೂರು ಕೋಟಿ ಪಾಲು ಗಾಳಿಗೆ ಐದು ಪಾಲು ಡೈಅಸಿಟೈಲ್.

ಜತೆಗೆ ಘಮವೇ ಇಲ್ಲದ ಇನ್ನೊಂದಿದೆ, ನಿಮ್ಮ ಮೊದಲ ನಂಬಿಕೆ ಅಲ್ಲಿ ಬಿದ್ದುಹೋಗುತ್ತದೆ. ಹುರಿದ ಬೀಜ ದಿನಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತಾ ಇರುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹುರಿದ ಬೀಜ ತುಂಬಿ ಮುಚ್ಚಿಟ್ಟ ಡ್ರಮ್ಮು, ಬಿನ್ನುಗಳ ಮೇಲುಭಾಗದಲ್ಲಿ ಅದು ಹತ್ತು ಲಕ್ಷಕ್ಕೆ 1200 ಪಾಲನ್ನೂ ಮೀರಬಹುದು. ಜೀವಕ್ಕೆ ತಕ್ಷಣದ ಅಪಾಯ ಎಂದು ನೈಯೋಶ್ ಗುರುತಿಸಿರುವ ಮಟ್ಟವೇ ಅದು. ಮುಚ್ಚಳ ತೆಗೆದು, ಬೀಜ ಎಷ್ಟಿದೆ ಎಂದು ತಲೆ ಬಗ್ಗಿಸಿ ನೋಡುವ ಮನುಷ್ಯನಿಗೆ ಅವನ ಮೂಗು ಏನು ಹೇಳುತ್ತದೆ? ಕಾಫಿ ಚೆನ್ನಾಗಿ ಹುರಿದಿದೆ ಎಂದು ಹೇಳುತ್ತದೆ. ಮೂಗಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ಆ ವಾಸನೆಯನ್ನು ಹೇಳುವುದನ್ನೇ ನಿಲ್ಲಿಸುತ್ತದೆ. ರಸ್ತೆಯಲ್ಲಿ ಹೋಗುವವನು ನಿಂತು ಮೂಸುತ್ತಾನೆ, ಒಳಗಿರುವವನಿಗೆ ಘಮದ ಅರಿವೇ ಇರುವುದಿಲ್ಲ. ಹೆಚ್ಚು ಉಸಿರಾಡುವವನಿಗೇ ಕಡಿಮೆ ತಿಳಿಯುತ್ತದೆ. ಒಬ್ಬ ಮನುಷ್ಯ ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್, ಅಂದರೆ ಹತ್ತು ಸಾವಿರ ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಕುಡಿಯುವ ಎರಡು ಮೂರು ಲೀಟರ್ ನೀರಿಗೆ ಫಿಲ್ಟರ್ ಇಡದ ಕಾರ್ಖಾನೆ ಈಗ ಅಪರೂಪ.

ಉದ್ಯಮಿ: ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯ ಶೇಕಡಾ 70ರಷ್ಟು ಕರ್ನಾಟಕದ್ದೇ. ಕೊಡಗು, ಚಿಕ್ಕಮಗಳೂರು, ಹಾಸನದ ಪೇಟೆಗಳಲ್ಲಿ, ಬೆಂಗಳೂರು ಮೈಸೂರಿನ ಬೀದಿಗಳಲ್ಲಿ ತಲೆಮಾರುಗಳಿಂದ ಕಾಫಿ ಪುಡಿ ಮಾಡುತ್ತಿದ್ದಾರೆ. ಇಷ್ಟು ಅಪಾಯ ಇದ್ದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗಬೇಕಿತ್ತಲ್ಲ?

ವೈದ್ಯೆ: ಬೇಸರವೇನಿಲ್ಲ, ನನ್ನ ಇಡೀ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಯಾರಿಗೆ, ಹೇಗೆ ಗೊತ್ತಾಗಬೇಕಿತ್ತು? ಜಾಸ್ಪರ್ ಬೆಳಕಿಗೆ ಬಂದದ್ದು ಕಾಯಿಲೆ ತೀರಾ ಅಪರೂಪದ್ದಾದ್ದರಿಂದ. ಒಂದು ಸಣ್ಣ ಊರಿನಲ್ಲಿ ಅದೇ ಅಪರೂಪ ಎಂಟು ಸಲ ಬಂದದ್ದರಿಂದ, ಅದನ್ನು ಸೇರಿಸಿ ನೋಡುವ ಒಬ್ಬ ವೈದ್ಯ ಸಿಕ್ಕಿದ್ದರಿಂದ. ಅದಕ್ಕೆ ಹದಿನೈದು ವರ್ಷ ಮೊದಲು, 1985ರಲ್ಲಿ, ಇಂಡಿಯಾನಾ ರಾಜ್ಯದ ಬೇಕರಿ ಪರಿಮಳಗಳ ಕಾರ್ಖಾನೆಯೊಂದರಲ್ಲಿ ಇಬ್ಬರಿಗೆ ಇದೇ ಬಗೆಯ, ಗುಣವಾಗದ ಶ್ವಾಸಕೋಶದ ಅಡಚಣೆ ಬಂದಿತ್ತು. ನೈಯೋಶ್ ಹೋಗಿ ನೋಡಿತ್ತು ಕೂಡ. ಕಾರಣವಾದ ವಸ್ತು ಯಾವುದೆಂದು ಬೊಟ್ಟು ಮಾಡಲಾಗಲಿಲ್ಲ, ಕಡತ ಮುಚ್ಚಿತು. ಇಬ್ಬರು ಸಾಲಲಿಲ್ಲ, ಎಂಟು ಮಂದಿ ಬೇಕಾಯಿತು. ವಿನೈಲ್ ಕ್ಲೋರೈಡ್ ಕಥೆಯೂ ಇದೇ. ಪಿವಿಸಿ ಪೈಪಿನ ಮೂಲವಸ್ತು ಅದು. ಯಕೃತ್ತಿನ ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರನ್ನು ಎಷ್ಟೋ ವೈದ್ಯರು ಜೀವಮಾನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ಕೆಂಟಕಿಯ ಲೂಯಿವಿಲ್‌ನ ಒಂದೇ ಕಾರ್ಖಾನೆಯ ಹಲವು ಕೆಲಸಗಾರರು ಅದರಿಂದ ಸತ್ತಾಗ, 1974ರಲ್ಲಿ ಜಗತ್ತಿಗೆ ತಿಳಿಯಿತು. ಈಗ ತಿರುಗಿಸಿ ಯೋಚಿಸಿ. ಡೈಅಸಿಟೈಲ್ ಬರಿಯ ಅಸ್ತಮಾ ತರುತ್ತಿದ್ದರೆ? ವಿನೈಲ್ ಕ್ಲೋರೈಡ್ ಎಲ್ಲರಿಗೂ ಬರುವ ಯಾವುದೋ ಸಾಮಾನ್ಯ ಕ್ಯಾನ್ಸರನ್ನು ಸ್ವಲ್ಪ ಹೆಚ್ಚಿಸುತ್ತಿದ್ದರೆ? ಯಾರೂ ಎಣಿಸುತ್ತಿರಲಿಲ್ಲ. ಅಪರೂಪದ ಕಾಯಿಲೆ ಕೊಟ್ಟ ವಸ್ತು ಸಿಕ್ಕಿಬಿದ್ದಿದೆ, ಸಾಮಾನ್ಯ ಕಾಯಿಲೆ ಕೊಟ್ಟದ್ದು ಊರಿನ ಕೆಮ್ಮಿನೊಳಗೆ ಸೇರಿಹೋಗಿದೆ.

ಕಾಫಿ ಪುಡಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದಿಟ್ಟುಕೊಳ್ಳಿ. ಅದನ್ನು ವಯಸ್ಸು ಎನ್ನುತ್ತಾರೆ, ಮಲೆನಾಡಿನ ಥಂಡಿ ಎನ್ನುತ್ತಾರೆ, ಬೀಡಿ ಎನ್ನುತ್ತಾರೆ. ಎಕ್ಸ್‌ರೇ ತೆಗೆದರೆ ಏನೂ ಕಾಣದೆ ಇರಬಹುದು. ಅವನು ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ. ಉಳಿದವರು ಗಟ್ಟಿಮುಟ್ಟಾಗಿ ಕಾಣುತ್ತಾರೆ, ಏಕೆಂದರೆ ಗಟ್ಟಿಯಿಲ್ಲದವರು ಹೊರಟುಹೋಗಿದ್ದಾರೆ. ಯಾರಿಗೂ ಏನೂ ಆಗಿಲ್ಲ ಎನ್ನುವ ಮಾತು ಹುಟ್ಟುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2016ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸಾವುಗಳು 19 ಲಕ್ಷ; ಅದರಲ್ಲಿ ನಾಲ್ಕೂವರೆ ಲಕ್ಷ ಸಾವು ಕೆಲಸದ ಜಾಗದ ದೂಳು, ಅನಿಲ, ಹೊಗೆಯಿಂದ. ಯಂತ್ರಕ್ಕೆ ಕೈ ಸಿಕ್ಕ ಅಪಘಾತ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಈ ನಾಲ್ಕೂವರೆ ಲಕ್ಷ ಸಾವಿಗೆ ದಿನಾಂಕವೇ ಇರುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟು: ಗಾಳಿ ಕೆಟ್ಟಿದೆಯೇ ಎಂದು ತಿಳಿಯಲು ನಾವು ಇದುವರೆಗೆ ಮನುಷ್ಯನ ಶ್ವಾಸಕೋಶವನ್ನೇ ಮೀಟರಿನಂತೆ ಬಳಸುತ್ತಾ ಬಂದಿದ್ದೇವೆ. ಆ ಮೀಟರು ತೋರಿಸುವ ಹೊತ್ತಿಗೆ ಕೆಟ್ಟಿರುತ್ತದೆ, ಮತ್ತೆ ರಿಪೇರಿಯಾಗುವುದಿಲ್ಲ. ಗಾಳಿಯನ್ನು ಗಾಳಿಯಲ್ಲೇ ಅಳೆಯಬೇಕು, ಆವಿ ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಕಾಯಿಲೆ ಸಾಬೀತಾಗಲಿ ಎಂದು ಕಾಯಬಾರದು.

ಉದ್ಯಮಿ: ಅದಕ್ಕೇ ಕಾನೂನು ಇದೆಯಲ್ಲ. ಸರ್ಕಾರ ಮಿತಿ ಹಾಕಿಕೊಟ್ಟಿದೆ. ಮಿತಿಯೊಳಗೆ ಇದ್ದರೆ ಮುಗಿಯಿತು.

ವೈದ್ಯೆ: ಮಿತಿ ಇದೆ, ಅದು ಇರುವುದು ದೊಡ್ಡ ವಿಷಯವೇ. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಎರಡನೇ ಅನುಸೂಚಿಯಲ್ಲಿ ನೂರಕ್ಕೂ ಹೆಚ್ಚು ವಸ್ತುಗಳಿಗೆ ಗಾಳಿಯಲ್ಲಿ ಎಷ್ಟು ಇರಬಹುದೆಂದು ಬರೆದರು. ಕಾರ್ಬನ್ ಮಾನಾಕ್ಸೈಡ್ ಅದರಲ್ಲಿತ್ತು, ಹತ್ತು ಲಕ್ಷಕ್ಕೆ 50 ಪಾಲು. ಡೈಅಸಿಟೈಲ್ ಹೆಸರೇ ಇರಲಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರವೂ ಅದಕ್ಕೆ ಕಡ್ಡಾಯ ಮಿತಿ ಹಾಕಿಲ್ಲ, ನೈಯೋಶ್‌ನದು ಸಲಹೆ ಮಾತ್ರ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಯಾರೂ ಇನ್ನೂ ನಿರ್ಧರಿಸಿಲ್ಲ ಎಂದಷ್ಟೇ ಅರ್ಥ. ಕೈಗಾರಿಕೆಯಲ್ಲಿ ಬಳಕೆಯಲ್ಲಿರುವ ವಸ್ತುಗಳು ಸಾವಿರಾರು. ಪಟ್ಟಿ ಹಿಂದೆಯೇ ಓಡುತ್ತಿರುತ್ತದೆ.

ಪಟ್ಟಿಯಲ್ಲಿರುವ ಅಂಕಿಯನ್ನೂ ಅದರ ಷರತ್ತಿನೊಂದಿಗೆ ಓದಬೇಕು. ಎಂಟು ಗಂಟೆಯ ಸರಾಸರಿ ಎಂದು ಅಲ್ಲಿ ಬರೆದಿತ್ತು. ಮಿಕ್ಸಿಂಗ್ ತೊಟ್ಟಿಯ ಮುಚ್ಚಳ ತೆಗೆದ ಐದು ನಿಮಿಷ ಗಾಳಿ ಭಯಂಕರವಾಗಿದ್ದು, ಉಳಿದ ಏಳು ಗಂಟೆ ಐವತ್ತೈದು ನಿಮಿಷ ಸುಮಾರಾಗಿದ್ದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ. ಶ್ವಾಸನಾಳದ ಒಳಪದರ ಸುಡುವುದು ಆ ಐದು ನಿಮಿಷದಲ್ಲಿ. ಹದಿನೈದು ನಿಮಿಷದ ಬೇರೆ ಮಿತಿಗಳು ಇರುವುದು ಇದಕ್ಕಾಗಿ, ಆದರೆ ಅಳೆಯಲು ಬಂದವರು ಆ ಮುಚ್ಚಳ ತೆಗೆಯುವ ಗಳಿಗೆಯಲ್ಲೇ ಅಲ್ಲಿರಬೇಕು. ಎರಡನೆಯದು ಪಾಳಿಯ ಉದ್ದ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರ ಲಿಖಿತ ಒಪ್ಪಿಗೆಯೊಂದಿಗೆ ದಿನದ ದುಡಿಮೆಯನ್ನು ವಿರಾಮವೂ ಸೇರಿ 12 ಗಂಟೆಯವರೆಗೆ ಹಿಗ್ಗಿಸುವ ದಾರಿ ತೆರೆಯಿತು.

ಉದ್ಯಮಿ: ವಾರಕ್ಕೆ 48 ಗಂಟೆ ದಾಟುವಂತಿಲ್ಲವಲ್ಲ ಮೇಡಂ. ಆರು ದಿನದ ಕೆಲಸ ನಾಲ್ಕು ದಿನಕ್ಕೆ ಬಂತು, ಒಟ್ಟು ಉಸಿರಾಡುವುದು ಅಷ್ಟೇ ತಾನೇ?

ವೈದ್ಯೆ: ದೇಹದಿಂದ ತಿಂಗಳುಗಟ್ಟಲೆ ಹೋಗದ ಸೀಸದಂಥ ವಸ್ತುವಿನ ಮಟ್ಟಿಗೆ ನಿಮ್ಮ ಲೆಕ್ಕ ಬಹುಪಾಲು ಸರಿ. ದಿನದಿನವೂ ದೇಹ ತೊಳೆದುಕೊಳ್ಳಬೇಕಾದ ಆವಿಗಳ ವಿಚಾರ ಬೇರೆ. ಎಂಟು ಗಂಟೆ ದುಡಿದವನಿಗೆ ಶುದ್ಧ ಗಾಳಿಯಲ್ಲಿ ಚೇತರಿಸಿಕೊಳ್ಳಲು 16 ಗಂಟೆ ಸಿಗುತ್ತದೆ. ಹನ್ನೆರಡು ಗಂಟೆ ದುಡಿದವನಿಗೆ ಸಿಗುವುದು ಹನ್ನೆರಡೇ. ಒಳಗೆ ಹೋಗುವುದು ಒಂದೂವರೆ ಪಟ್ಟು, ಹೊರಗೆ ಹೋಗಲು ಸಿಗುವ ಹೊತ್ತು ಮುಕ್ಕಾಲು ಪಾಲು. ಈ ಎರಡನ್ನೂ ಲೆಕ್ಕಕ್ಕೆ ತಂದು ಮಿತಿಯನ್ನು ತಿದ್ದುವ ಸರಳ ಸೂತ್ರವನ್ನು ಬ್ರೀಫ್ ಮತ್ತು ಸ್ಕಾಲಾ ಎಂಬಿಬ್ಬರು 1975ರಲ್ಲಿ ಕೊಟ್ಟರು. ಹನ್ನೆರಡು ಗಂಟೆಯ ಪಾಳಿಗೆ ಅದು ಮಿತಿಯನ್ನು ಸರಿಯಾಗಿ ಅರ್ಧಕ್ಕೆ ಇಳಿಸುತ್ತದೆ. ಪಾಳಿ ಹಿಗ್ಗಿಸುವ ಚರ್ಚೆಯಲ್ಲಿ ಉತ್ಪಾದನೆ, ಓವರ್‌ಟೈಮ್, ಮಹಿಳೆಯರ ರಾತ್ರಿಪಾಳಿ ಎಲ್ಲ ಬಂದವು. ಗಾಳಿಯ ಮಿತಿ ಅರ್ಧವಾಗಬೇಕು ಎನ್ನುವ ಮಾತು ಅಷ್ಟೇ ಜೋರಾಗಿ ಬರಬೇಕಿತ್ತು.

ಉದ್ಯಮಿ: ಹಾಗಾದರೆ ಮಾಸ್ಕ್ ಕೊಡಿಸಿಬಿಡುತ್ತೇವೆ. ಗೋಡೆಗೆ ಎಕ್ಸಾಸ್ಟ್ ಫ್ಯಾನೂ ಇದೆ.

ವೈದ್ಯೆ: ಮಾಸ್ಕ್ ಎನ್ನುವುದು ಎಲ್ಲ ದಾರಿಯೂ ಮುಚ್ಚಿದ ಮೇಲೆ ಉಳಿಯುವ ದಾರಿ, ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಬಟ್ಟೆಯ ಮಾಸ್ಕ್ ಸಣ್ಣ ದೂಳನ್ನೂ ತಡೆಯದು. ಎನ್-95 ದೂಳಿಗೆ ಒಳ್ಳೆಯದು, ಆವಿ ಅದರೊಳಗಿಂದ ಸಲೀಸಾಗಿ ಹಾದುಹೋಗುತ್ತದೆ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಬೇಕು. ಅದು ತುಂಬಿಕೊಂಡ ಮೇಲೆ ತಡೆಯುವುದನ್ನು ನಿಲ್ಲಿಸುತ್ತದೆ, ನಿಂತದ್ದು ಹಾಕಿಕೊಂಡವನಿಗೆ ತಿಳಿಯುವುದಿಲ್ಲ. ಕಾರ್ಬನ್ ಮಾನಾಕ್ಸೈಡನ್ನು ಆ ಇದ್ದಿಲೂ ಹಿಡಿಯದು. ಹುರಿಯುವ ಯಂತ್ರದ ಪಕ್ಕದ ಸೆಖೆಯಲ್ಲಿ ರಬ್ಬರಿನ ಮುಖವಾಡ ಹಾಕಿಕೊಂಡು ಹತ್ತು ನಿಮಿಷ ಮೂಟೆ ಎತ್ತಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಗಡ್ಡವಿದ್ದರೆ ಅದು ಕೆನ್ನೆಗೆ ಕೂರುವುದೂ ಇಲ್ಲ. ಅವನು ಅದನ್ನು ಕೆಳಗೆ ಎಳೆದುಕೊಂಡರೆ ತಪ್ಪು ಅವನದಾಗುತ್ತದೆ. ನನಗೆ ಎಲ್ಲಕ್ಕಿಂತ ನೋವಾಗುವುದು ಇಲ್ಲಿ. ಗಾಳಿ ಕೆಡಿಸಿದ್ದು ಯಂತ್ರ, ಅದನ್ನು ಶೋಧಿಸುವ ಹೊಣೆ ಹೊತ್ತವನು ಯಂತ್ರದ ಮುಂದೆ ನಿಂತವನು.

ಇನ್ನು ಗೋಡೆಯ ಫ್ಯಾನ್. ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲು ನೋಡಿ, ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ. ಕೊಳವೆಯ ಬಾಯಿಯ ಅಗಲದ ಮೂವತ್ತು ಪಟ್ಟು ದೂರದಲ್ಲೂ ಹತ್ತನೇ ಒಂದು ಪಾಲು ವೇಗ ಉಳಿದಿರುತ್ತದೆ. ಹೀರುವ ಬಾಯಿ ಸುತ್ತಲಿನ ಎಲ್ಲ ದಿಕ್ಕಿನಿಂದ ಎಳೆಯುತ್ತದೆ; ಆದ್ದರಿಂದ ಬಾಯಿಯ ಅಗಲದಷ್ಟೇ ದೂರಕ್ಕೆ ಹೋಗುವಷ್ಟರಲ್ಲಿ ವೇಗ ಹತ್ತನೇ ಒಂದಕ್ಕೆ ಬಿದ್ದಿರುತ್ತದೆ. ನಿಮ್ಮ ಫ್ಯಾನ್ ಒಂದೂವರೆ ಅಡಿಯದಾದರೆ ಒಂದೂವರೆ ಅಡಿಯಾಚೆ ಅದರ ಹಿಡಿತ ಬಹಳ ಸಡಿಲ. ಗ್ರೈಂಡರ್ ಇರುವುದು ಹದಿನೈದು ಅಡಿ ಆಚೆ. ಆವಿ ಮೊದಲು ಕೆಲಸಗಾರನ ಮುಖಕ್ಕೆ ಬಂದು, ಕೋಣೆಯೆಲ್ಲ ಹರಡಿ, ಆಮೇಲೆ ನಿಧಾನವಾಗಿ ಫ್ಯಾನಿನ ಕಡೆ ಹೋಗುತ್ತದೆ. ಹುಡ್ಡನ್ನು ಗ್ರೈಂಡರಿನ ಬಾಯಿಗೇ ತಂದು ಕೂರಿಸಿ, ಡಕ್ಟಿನಲ್ಲಿ ಹೊರಗೆ ಎಳೆದರೆ ಚಿಕ್ಕ ಮೋಟಾರು ದೊಡ್ಡ ಫ್ಯಾನಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜಾಸ್ಪರಿನಲ್ಲೂ ಕೊನೆಗೆ ಮಾಡಿದ್ದು ಇಂಥದ್ದೇ: ತೊಟ್ಟಿಗಳಿಂದಲೇ ಆವಿಯನ್ನು ಎಳೆದುಕೊಂಡರು, ಕಲಸುವ ಕೋಣೆಯನ್ನು ಉಳಿದ ಕಾರ್ಖಾನೆಯಿಂದ ಬೇರೆ ಮಾಡಿದರು. ಗಾಳಿಯಲ್ಲಿನ ಡೈಅಸಿಟೈಲ್ ಹತ್ತಾರು ಪಟ್ಟು ಇಳಿಯಿತು. ಜನ ಅದೇ ಪಾಪ್‌ಕಾರ್ನ್ ತಿನ್ನುತ್ತಲೇ ಇದ್ದರು.

ಉದ್ಯಮಿ: ಬೇರೆ ಕಾರ್ಖಾನೆಯವರಿಗೆ ಇನ್ನೂ ಸುಲಭದ ದಾರಿ ಇದೆಯಲ್ಲ? ಕೆಟ್ಟ ರಾಸಾಯನಿಕ ಬಿಟ್ಟು ಒಳ್ಳೆಯದನ್ನು ಬಳಸುವುದು.

ವೈದ್ಯೆ: ಅದು ನಿಜಕ್ಕೂ ಮೊದಲ ದಾರಿ, ಆದರೆ ಎಚ್ಚರದ ದಾರಿ. ಡೈಅಸಿಟೈಲಿಗೆ ಕೆಟ್ಟ ಹೆಸರು ಬಂದ ಮೇಲೆ ಪರಿಮಳ ತಯಾರಕರು ಅದರ ಬದಲು 2,3-ಪೆಂಟೇನ್‌ಡಯೋನ್ ಹಾಕಿದರು. ಅಣುವಿನಲ್ಲಿ ಒಂದು ಇಂಗಾಲ ಹೆಚ್ಚು, ಇಲಿಗಳ ಶ್ವಾಸನಾಳದಲ್ಲಿ ಗಾಯ ಅದೇ. ಚೀನಾದ ಸುಝೌನಲ್ಲಿ 2009ರಲ್ಲಿ ಮೊಬೈಲಿನ ಪರದೆ ಒರೆಸಲು ಆಲ್ಕೋಹಾಲಿನ ಬದಲು ಎನ್-ಹೆಕ್ಸೇನ್ ತಂದರು, ಅದು ಬೇಗ ಆರುತ್ತದೆ ಎಂಬ ಕಾರಣಕ್ಕೆ. ಬೇಗ ಆರುವುದೆಂದರೆ ಬೇಗ ಗಾಳಿಗೆ ಸೇರುವುದು. 137 ಕೆಲಸಗಾರರ ಕೈಕಾಲಿನ ನರಗಳು ಪೆಟ್ಟು ತಿಂದವು. ಬದಲಿ ವಸ್ತುವಿನ ಬಗ್ಗೆ ಯಾರೂ ಇನ್ನೂ ಕೆಟ್ಟದ್ದು ಬರೆದಿಲ್ಲ ಎಂದರೆ ಅದನ್ನು ಯಾರೂ ಇನ್ನೂ ನೋಡಿಲ್ಲ ಎಂದೂ ಇರಬಹುದು. ಮುಚ್ಚಳ, ಹುಡ್ಡು, ಡಕ್ಟುಗಳಿಗೆ ಈ ತೊಡಕಿಲ್ಲ. ಒಳಗೆ ಯಾವ ಆವಿ ಇದೆಯೆಂದು ನಮಗೆ ಪೂರ್ತಿ ಗೊತ್ತಿಲ್ಲದಿದ್ದರೂ ಅವು ಅದನ್ನು ಹೊರಗೆ ಒಯ್ಯುತ್ತವೆ. ನಾನು ಅವುಗಳ ಮೇಲೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಉದ್ಯಮಿ: ಖರ್ಚಿನ ಮಾತು ಬರಲೇ ಇಲ್ಲ. ದೊಡ್ಡ ಕಂಪನಿ ಮಾಡೀತು. ಆರೇಳು ಜನ ಇಟ್ಟುಕೊಂಡು ಪುಡಿ ಮಾಡುವವನು ಬಾಗಿಲು ಹಾಕಬೇಕಾಗುತ್ತದೆ.

ವೈದ್ಯೆ: ಬಾಗಿಲು ಹಾಕಬೇಕಾಗುತ್ತದೆ ಎನ್ನುವ ಮಾತನ್ನು 1974ರಲ್ಲಿ ಬಹಳ ದೊಡ್ಡವರೇ ಆಡಿದ್ದರು. ವಿನೈಲ್ ಕ್ಲೋರೈಡಿನ ಮಿತಿಯನ್ನು ಹತ್ತು ಲಕ್ಷಕ್ಕೆ 500 ಪಾಲಿನಿಂದ ಒಂದಕ್ಕೆ ಇಳಿಸಲು ಅಮೆರಿಕ ಸರ್ಕಾರ ಹೊರಟಾಗ, ಇದು ಸಾಧ್ಯವೇ ಇಲ್ಲ, ಲಕ್ಷಾಂತರ ಕೆಲಸ ಹೋಗುತ್ತದೆ ಎಂದು ಉದ್ಯಮ ವಾದಿಸಿತು. ನ್ಯಾಯಾಲಯಕ್ಕೂ ಹೋಯಿತು, ಸೋತಿತು. 1975ರಲ್ಲಿ ಹೊಸ ಮಿತಿ ಜಾರಿಗೆ ಬಂತು. ಯಂತ್ರಗಳನ್ನು ಮುಚ್ಚಿದ ವ್ಯವಸ್ಥೆಗೆ ತಂದರು, ಮೊದಲು ಗಾಳಿಗೆ ಹೋಗುತ್ತಿದ್ದ ಅನಿಲವನ್ನು ಹಿಡಿದು ಮತ್ತೆ ಬಳಸಿದರು. ಪಿವಿಸಿ ಉದ್ಯಮ ಮುಳುಗಲಿಲ್ಲ, ಬೆಳೆಯಿತು. ಗಾಳಿಗೆ ಹೋದದ್ದೂ ದುಡ್ಡು ಕೊಟ್ಟು ತಂದ ಸರಕೇ ಆಗಿತ್ತು.

ಆದರೆ ಸಣ್ಣವರ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ, ವಿನೈಲ್ ಕ್ಲೋರೈಡಿನ ಉದಾಹರಣೆ ಅದಕ್ಕೆ ಪೂರ್ತಿ ಉತ್ತರವಲ್ಲ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಯಿತು. ಆರೇಳು ಜನರ ಜಾಗ ಮೊದಲೂ ಹೊರಗಿತ್ತು, ಈಗ ಹದಿನೈದು ಜನರದ್ದೂ ಕಾರ್ಖಾನೆ ಎನ್ನುವ ವ್ಯಾಖ್ಯೆಯಿಂದ ಹೊರಗೆ ಹೋಯಿತು. ಕೋಣೆ ಚಿಕ್ಕದಾದಷ್ಟೂ ಆವಿ ದಟ್ಟವಾಗುತ್ತದೆ, ಕಾನೂನು ಅಲ್ಲಿಂದಲೇ ಹಿಂದೆ ಸರಿಯುತ್ತದೆ. ದಂಡದಿಂದ ಇದು ಸರಿಹೋಗುವುದಿಲ್ಲ ಎಂದು ನಾನೂ ಒಪ್ಪುತ್ತೇನೆ. ಕಾಫಿ ಮಂಡಳಿ ಹುರಿಯುವ, ಬೀಸುವ ಯಂತ್ರಗಳಿಗೆ ಸಹಾಯಧನ ಕೊಟ್ಟಿದೆ. ಹುಡ್ಡು, ಡಕ್ಟು ಇರುವ ಯಂತ್ರಕ್ಕೆ ಮಾತ್ರ ಹಣ ಎಂದು ಒಂದು ಸಾಲು ಸೇರಿಸಿದರೆ ಎಷ್ಟೋ ಕೆಲಸ ಆಗುತ್ತದೆ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಮೂರು ಕಾಫಿ ಜಿಲ್ಲೆಗಳ ಪುಡಿ ಘಟಕಗಳ ಗಾಳಿ ಅಳೆದು, ಕೆಲಸಗಾರರ ಉಸಿರಿನ ಪರೀಕ್ಷೆ ಮಾಡಿದರೆ ನಿಮಗೂ ನನಗೂ ಊಹೆಯ ಮೇಲೆ ವಾದ ಮಾಡುವ ಅಗತ್ಯ ಇರುವುದಿಲ್ಲ. ಸ್ಪೈರೋಮೆಟ್ರಿ ಎಂಬ ಆ ಉಸಿರಿನ ಪರೀಕ್ಷೆ ದುಬಾರಿಯಲ್ಲ. ಕೆಲಸಕ್ಕೆ ಸೇರುವ ದಿನ ಒಂದು, ಆಮೇಲೆ ವರ್ಷಕ್ಕೊಂದು ಮಾಡಿಸಿದರೆ ಇಳಿಕೆ ಮೊದಲ ಮೆಟ್ಟಿಲಲ್ಲೇ ಕಾಣುತ್ತದೆ. ಆಗ ಆ ಮನುಷ್ಯನನ್ನು ಅಲ್ಲಿಂದ ಸರಿಸಿ, ಯಂತ್ರವನ್ನು ಸರಿಪಡಿಸಲು ಸಮಯ ಸಿಗುತ್ತದೆ.

ಉದ್ಯಮಿ: ಅಷ್ಟೆಲ್ಲ ಆಗುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಈಗಲೇ, ದುಡ್ಡಿಲ್ಲದೆ ತಿಳಿಯುವಂಥದ್ದು ಏನಾದರೂ ಇದೆಯೇ?

ವೈದ್ಯೆ: ಇದೆ. ಹುರಿದ ಬೀಜದ ಬಿನ್ನಿಗೆ ಯಾರೂ ತಲೆ ಬಗ್ಗಿಸದಂತೆ ಇಂದೇ ಹೇಳಿ, ಮುಚ್ಚಳ ತೆಗೆದ ಮೇಲೆ ದೂರ ನಿಂತು ಸ್ವಲ್ಪ ಹೊತ್ತು ಕಾಯಲಿ. ಆಮೇಲೆ ಗ್ರೈಂಡರು, ಫ್ಯಾನು ಎರಡೂ ಓಡುತ್ತಿರುವಾಗ ಒಂದು ಊದುಬತ್ತಿ ಹಚ್ಚಿ, ಪುಡಿಯ ದೂಳು ಹಾರುವ ಜಾಗಕ್ಕೆ ಕಿಡಿ ತಾಗದಷ್ಟು ದೂರದಲ್ಲಿ, ಪುಡಿ ತುಂಬಿಸುವವನ ಎದೆಯ ಮಟ್ಟಕ್ಕೆ ಹಿಡಿಯಿರಿ. ಹೊಗೆ ಎತ್ತ ಹೋಗುತ್ತದೆ ನೋಡಿ. ಅದು ಮೊದಲು ಅವನ ಮುಖದ ಮೇಲೆ ಹಾದು, ಆಮೇಲೆ ಗೋಡೆಯ ಕಡೆ ತಿರುಗಿದರೆ, ನಿಮ್ಮ ಫ್ಯಾನ್ ಇರುವುದು ಅವನ ಬೆನ್ನ ಹಿಂದೆ.